ರೌಂಡ್ ಬೇಲರ್ ಬೆಲ್ಟುಗಳು: ರಚನೆ, ನಿರ್ವಹಣೆ ಮತ್ತು ದುರಸ್ತಿ

ಕೊಯ್ದು ಒಣಗಿಸಿದ ಹುಲ್ಲನ್ನು ಹೊಲದಲ್ಲಿಯೇ ಎತ್ತಿಕೊಂಡು, ಬಿಗಿಯಾಗಿ ಸುತ್ತಿ, ದುಂಡು ಸುರುಳಿಯಾಗಿ ಕಟ್ಟಿ ಹೊರಹಾಕುವ ಯಂತ್ರಕ್ಕೆ ರೌಂಡ್ ಬೇಲರ್ ಎಂದು ಹೆಸರು. ಟ್ರ್ಯಾಕ್ಟರಿನ ಹಿಂದೆ ಎಳೆದೊಯ್ಯುವ ಈ ಯಂತ್ರ ಟ್ರ್ಯಾಕ್ಟರಿನ ಪಿಟಿಒ (ಪವರ್ ಟೇಕ್-ಆಫ್) ದಂಡದಿಂದಲೇ ಶಕ್ತಿ ಪಡೆಯುತ್ತದೆ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬಳಕೆಯಲ್ಲಿರುವ ದೊಡ್ಡ ಬೇಲರ್‌ಗಳಲ್ಲಿ ಹೆಚ್ಚಿನವು ಹುಲ್ಲನ್ನು ಸುತ್ತುವುದು ಉದ್ದನೆಯ ರಬ್ಬರ್ ಬೆಲ್ಟುಗಳಿಂದ. ಹುಲ್ಲಿನ ಭಾರ, ಹೈಡ್ರಾಲಿಕ್ ಎಳೆತ, ಧೂಳು, ಕಲ್ಲು, ಬಿಸಿಲು ಎಲ್ಲವನ್ನೂ ನೇರವಾಗಿ ತಾಳಿಕೊಳ್ಳಬೇಕಾದ ಭಾಗ ಇದೇ. ಸುಗ್ಗಿಯ ನಡುವೆ ಬೆಲ್ಟ್ ಹರಿದರೆ ಯಂತ್ರ ನಿಲ್ಲುತ್ತದೆ. ಒಣಗಿ ಬಿದ್ದ ಹುಲ್ಲು ಮಳೆಗೆ ಸಿಕ್ಕರೆ ಚಳಿಗಾಲಕ್ಕೆ ದನಗಳಿಗಿಡಬೇಕಾದ ಮೇವು ಹಾಳಾಗುತ್ತದೆ. ಬೆಲ್ಟಿನ ಸಂಧಿಯನ್ನು ಸರಿಯಾಗಿ ಕೂಡಿಸುವುದು ದುರಸ್ತಿಯ ಅರ್ಧ ಭಾಗ ಮಾತ್ರ. ಬೆಲ್ಟ್ ಏಕೆ ಹರಿಯಿತು ಎಂದು ಹುಡುಕಿ ಆ ಕಾರಣವನ್ನು ನಿವಾರಿಸುವುದು ಉಳಿದರ್ಧ.

ಹಿನ್ನೆಲೆ

ಹುಲ್ಲನ್ನು ಒತ್ತಿ ಚೌಕಾಕಾರದ ಕಟ್ಟುಗಳನ್ನು ಮಾಡುವ ಯಂತ್ರಗಳು 19ನೆಯ ಶತಮಾನದಲ್ಲಿಯೇ ಬಂದಿದ್ದವು. ಒತ್ತುವ ಬದಲು ಚಾಪೆಯಂತೆ ಸುತ್ತುವ ವಿಧಾನವನ್ನು ಕಂಡುಕೊಂಡವನು ಅಮೆರಿಕದ ನೆಬ್ರಾಸ್ಕ ರಾಜ್ಯದ ಸಟನ್ ಪ್ರದೇಶದ ಉಮ್ಮೊ ಲ್ಯೂಬೆನ್. 1903ರಲ್ಲಿ ರೂಪುಗೊಂಡ ಅವನ ವಿನ್ಯಾಸಕ್ಕೆ 1910ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಕ್ಕನ್ನು 1940ರಲ್ಲಿ ಪಡೆದ ಆಲಿಸ್-ಚಾಮರ್ಸ್ ಕಂಪನಿ 1947ರಲ್ಲಿ ರೋಟೊ-ಬೇಲರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಸುಮಾರು ಮೂರಡಿ ಉದ್ದದ, ಒಬ್ಬನೇ ಎತ್ತಬಲ್ಲ ಸಣ್ಣ ಸುರುಳಿಗಳನ್ನು ಅದು ಕಟ್ಟುತ್ತಿತ್ತು. ಮೇಲೊಂದು ಕೆಳಗೊಂದು ತಂಡವಾಗಿ ಓಡುವ ಚಪ್ಪಟೆ ಬೆಲ್ಟುಗಳ ನಡುವೆ ಹುಲ್ಲು ಉರುಳಿ ಸುರುಳಿಯಾಗುತ್ತಿತ್ತು. ರೌಂಡ್ ಬೇಲರಿಗೂ ಬೆಲ್ಟಿಗೂ ಇರುವ ನಂಟು ಹೀಗೆ ಆರಂಭದಿಂದಲೇ ಬಂದದ್ದು.

ಇಂದು ಕಾಣುವ ಆಳೆತ್ತರದ ಸುರುಳಿಗಳ ಕಾಲ ಶುರುವಾದದ್ದು 1971ರಲ್ಲಿ. ಹುಲ್ಲು ಕಟ್ಟುವ, ಎತ್ತುವ, ಒಟ್ಟುವ ದುಡಿಮೆ ತಾಳಲಾರದೆ ದನ ಸಾಕಣೆಯನ್ನೇ ಬಿಡಬೇಕೆಂದಿದ್ದೇನೆ ಎಂದು ಪರಿಚಯದ ರೈತನೊಬ್ಬ ಹೇಳಿದ ಮಾತು ಅಯೋವ ರಾಜ್ಯದ ಪೆಲ್ಲಾ ಊರಿನ ಗ್ಯಾರಿ ವರ್ಮಿಯರ್ ಅವರನ್ನು ಈ ಕೆಲಸಕ್ಕೆ ಹಚ್ಚಿತು. ಅವರು ರೂಪಿಸಿದ ದೊಡ್ಡ ಬೇಲರಿನಿಂದ ಒಂದು ಟ್ರ್ಯಾಕ್ಟರ್ ಇದ್ದರೆ ಒಬ್ಬನೇ ಇಡೀ ಹೊಲದ ಹುಲ್ಲನ್ನು ಕಟ್ಟಿ ಮುಗಿಸುವುದು ಸಾಧ್ಯವಾಯಿತು. 1976ರಲ್ಲಿ ಜರ್ಮನಿಯ ಕ್ಲಾಸ್ ಕಂಪನಿ ಉಕ್ಕಿನ ರೋಲರುಗಳ ರೋಲಾಂಟ್ ಯಂತ್ರವನ್ನು ತಂದಿತು. ಬೆಲ್ಟಿನ ಯಂತ್ರ, ರೋಲರಿನ ಯಂತ್ರ ಎಂಬ ಎರಡು ಮುಖ್ಯ ಪರಂಪರೆಗಳು ಅಲ್ಲಿಂದ ಜೊತೆಜೊತೆಗೇ ಬೆಳೆದುಬಂದಿವೆ. ಎರಡನ್ನೂ ಬೆರೆಸಿದ ಮಾದರಿಗಳೂ ಇವೆ.

ಯಂತ್ರದೊಳಗೆ ಬೆಲ್ಟಿನ ಕೆಲಸ

ರೋಲರಿನ ಯಂತ್ರಗಳಲ್ಲಿ ಸುತ್ತುವ ಕೋಣೆಯ ಅಳತೆ ಬದಲಾಗುವುದಿಲ್ಲ. ಕೋಣೆ ತುಂಬುವವರೆಗೂ ಹುಲ್ಲು ಸಡಿಲವಾಗಿಯೇ ಹೊರಳಿ, ತುಂಬಿದ ಮೇಲೆ ಹೊರಪದರ ಬಿಗಿಯಾಗುತ್ತದೆ. ನಡುಭಾಗ ಮೆತ್ತಗೆ ಉಳಿಯುತ್ತದೆ. ಬೆಲ್ಟಿನ ಯಂತ್ರಗಳಲ್ಲಿ ಕೋಣೆ ಸುರುಳಿಯ ಜೊತೆಗೇ ಹಿಗ್ಗುತ್ತದೆ. ಮೊದಲ ಹಿಡಿ ಹುಲ್ಲು ಒಳಗೆ ಬಂದ ಕ್ಷಣದಿಂದ ಬೆಲ್ಟುಗಳು ಅದನ್ನು ಅಮುಕಿ ಉರುಳಿಸುತ್ತವೆ. ಸುರುಳಿ ಬೆಳೆದಂತೆ ಬಿಗಿತದ ತೋಳು ಎಂಬ ಚಲಿಸುವ ಚೌಕಟ್ಟು ಜರುಗಿ, ಬೇಕಾದಷ್ಟೇ ಬೆಲ್ಟನ್ನು ಬಿಟ್ಟುಕೊಡುತ್ತದೆ. ಆ ತೋಳನ್ನು ಹಿಂದಕ್ಕೆಳೆದು ಹಿಡಿದಿರುವುದು ಸ್ಪ್ರಿಂಗು, ಹೈಡ್ರಾಲಿಕ್ ಸಿಲಿಂಡರು ಅಥವಾ ಎರಡೂ. ಸುರುಳಿ ನಡುಭಾಗದಿಂದ ಹೊರಪದರದವರೆಗೆ ಒಂದೇ ಸಮನೆ ಬಿಗಿಯಾಗಿರುವುದಕ್ಕೆ ಈ ಎಳೆತವೇ ಕಾರಣ. ಅಳತೆ ತಲುಪಿದ ಮೇಲೆ ಹುರಿ ಅಥವಾ ಬಲೆಯನ್ನು ಸುತ್ತಿ, ಹಿಂಬಾಗಿಲನ್ನು ಎತ್ತಿ, ಸುರುಳಿಯನ್ನು ನೆಲಕ್ಕೆ ಉರುಳಿಸಲಾಗುತ್ತದೆ.

ದೊಡ್ಡ ಯಂತ್ರಗಳ ಸುರುಳಿ 4ರಿಂದ 5 ಅಡಿ ಅಗಲ, 4ರಿಂದ 6 ಅಡಿ ವ್ಯಾಸದ್ದು. ಹುಲ್ಲಿನ ಜಾತಿ, ತೇವ ಮತ್ತು ಬಿಗಿತವನ್ನು ಅನುಸರಿಸಿ ಅದರ ತೂಕ ಸುಮಾರು 300ರಿಂದ 900 ಕೆ.ಜಿ.ವರೆಗೆ ಇರುತ್ತದೆ. ಅಷ್ಟು ಭಾರವನ್ನು ತಿರುಗಿಸುವುದು ಅಕ್ಕಪಕ್ಕದಲ್ಲಿ ಸಣ್ಣ ಸಂದು ಬಿಟ್ಟು ಓಡುವ ಬೆಲ್ಟುಗಳ ಒಂದು ತಂಡ. ಯಂತ್ರದ ಅಗಲ ಮತ್ತು ಮಾದರಿಯನ್ನು ನೋಡಿಕೊಂಡು ಆರು, ಎಂಟು, ಹತ್ತು ಹೀಗೆ ಬೆಲ್ಟುಗಳಿರುತ್ತವೆ. ಒಂದೊಂದೂ ಹತ್ತು ಮೀಟರಿನ ಆಸುಪಾಸು ಉದ್ದವಿದ್ದು, ಹಲವು ರೋಲರುಗಳ ಮೇಲೆ ಕೆಳಗೆ ಹಾದುಹೋಗುತ್ತದೆ.

ಈ ತಂಡಕ್ಕೆ ಬಿಗಿತದ ತೋಳು ಒಂದೇ. ಹಾಗಾಗಿ ಎಲ್ಲ ಬೆಲ್ಟುಗಳ ಉದ್ದವೂ ಸಮನಾಗಿರಬೇಕು. ಒಂದು ಬೆಲ್ಟ್ ಗಿಡ್ಡವಾಗಿದ್ದರೆ ಉಳಿದವು ಹೊರಬೇಕಾದ ಎಳೆತವೂ ಅದರ ಮೇಲೆಯೇ ಬೀಳುತ್ತದೆ. ಒಂದು ಉದ್ದವಾಗಿದ್ದರೆ ಅದು ಜೋತು, ಜಾರಿ, ಪಕ್ಕದ ಬೆಲ್ಟಿನ ಮೇಲೆ ಹತ್ತುತ್ತದೆ. ಬೆಲ್ಟ್ ದುರಸ್ತಿಯ ಹೆಚ್ಚಿನ ನಿಯಮಗಳು ಹುಟ್ಟಿರುವುದು ಈ ಒಂದು ಸಂಗತಿಯಿಂದ.

ಬೆಲ್ಟಿನ ರಚನೆ

ಹೊರಗಿನಿಂದ ನೋಡಿದರೆ ಬೆಲ್ಟ್ ರಬ್ಬರಿನ ಪಟ್ಟಿಯಂತೆ ಕಾಣುತ್ತದೆ. ಅದರ ಬಲವಿರುವುದು ಒಳಗಿನ ಬಟ್ಟೆಯಲ್ಲಿ. ಪಾಲಿಯೆಸ್ಟರ್ ಮತ್ತು ನೈಲಾನ್ ನೂಲಿನಿಂದ ನೇಯ್ದ ಎರಡು ಅಥವಾ ಮೂರು ಪದರಗಳನ್ನು ರಬ್ಬರಿನಿಂದ ಬೆಸೆದು, ಮೇಲೂ ರಬ್ಬರು ಹೊದಿಸಿರುತ್ತಾರೆ. ಉದ್ದಕ್ಕೆ ಓಡುವ ನೂಲು ಎಳೆತವನ್ನು ಹೊರುತ್ತದೆ. ಅಡ್ಡ ನೂಲು ಬೆಲ್ಟನ್ನು ಚಪ್ಪಟೆಯಾಗಿ ಹಿಡಿದು ಜೋಡಣೆಯ ರಿವೆಟ್ಟುಗಳಿಗೆ ಹಿಡಿತ ಕೊಡುತ್ತದೆ. ಹುಲ್ಲಿಗೆ ತಾಗುವ ಮೈಯಲ್ಲಿ ವಜ್ರಾಕಾರದ ಗೆರೆ, ಬಾಣದ ತುದಿಯಂಥ ಉಬ್ಬು ಅಥವಾ ಸಣ್ಣ ಸಣ್ಣ ಮೊನೆಗಳ ಒರಟು ವಿನ್ಯಾಸವಿರುತ್ತದೆ. ಹುಲ್ಲಿನ ಸುರುಳಿ ತಿರುಗಲು ಶುರುವಾಗುವುದು ಈ ಒರಟಿನ ಹಿಡಿತದಿಂದಲೇ.

ಹಾನಿಯನ್ನು ಅಳೆಯುವಾಗ ಈ ರಚನೆಯನ್ನು ನೆನಪಿಡಬೇಕು. ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋಗಿದ್ದು ಬಟ್ಟೆ ಇಡಿಯಾಗಿದ್ದರೆ ಬೆಲ್ಟ್ ಇನ್ನೂ ಕೆಲಸಕ್ಕೆ ಬರುತ್ತದೆ. ರಬ್ಬರು ಚೆನ್ನಾಗಿದ್ದು ಅಂಚಿನಿಂದ ಒಳಕ್ಕೆ ಬಟ್ಟೆ ಅಡ್ಡಲಾಗಿ ಕತ್ತರಿಸಿದ್ದರೆ ಆ ಬೆಲ್ಟನ್ನು ನಂಬುವಂತಿಲ್ಲ. ಅಡ್ಡ ಸೀಳು ಎಳೆತದ ನೂಲುಗಳನ್ನೇ ಕಡಿದಿರುವುದರಿಂದ ಒಂದೊಂದು ಸುತ್ತಿಗೂ ಮುಂದುವರಿಯುತ್ತದೆ. ಉದ್ದುದ್ದದ ಸೀಳು ಅಷ್ಟು ಬೇಗ ಬೆಳೆಯುವುದಿಲ್ಲ. ಆದರೆ ಅದರ ಒಂದು ಎಳೆ ರೋಲರಿಗೋ, ರೋಲರಿನ ಅಂಟನ್ನು ಕೆರೆಯುವ ಪಟ್ಟಿಗೋ ಸಿಕ್ಕರೆ ಬೆಲ್ಟ್ ಎರಡು ಪಟ್ಟಿಯಾಗಿ ಸೀಳಿಹೋಗುತ್ತದೆ. ಪದರಗಳ ನಡುವೆ ಬೆಸುಗೆ ಬಿಟ್ಟು ಉಬ್ಬಿದ ಬೆಲ್ಟಿಗೆ ಆ ಭಾಗವನ್ನು ಕತ್ತರಿಸಿ ತೆಗೆಯುವುದೊಂದೇ ಪರಿಹಾರ.

ಜೋಡಣೆಯ ವಿಧಗಳು

ಬೆಲ್ಟಿನ ಎರಡು ತುದಿಗಳನ್ನು ಕೂಡಿಸುವ ಬಗೆ ಎರಡು. ಕಾರ್ಖಾನೆಯಲ್ಲಿಯೇ ಶಾಖ ಮತ್ತು ಒತ್ತಡದಿಂದ ಬೆಸೆದ, ಸಂಧಿಯೇ ಕಾಣದ ಬೆಲ್ಟ್ ಒಂದು ಬಗೆ. ಕಿತ್ತುಬರುವ ಕೊಂಡಿ ಅದರಲ್ಲಿಲ್ಲ. ರೋಲರುಗಳ ಮೇಲೆ ಸದ್ದಿಲ್ಲದೆ ಓಡುತ್ತದೆ. ಅದನ್ನು ಬದಲಿಸಬೇಕಾದರೆ ಮಾತ್ರ ರೋಲರುಗಳನ್ನು ಬಿಚ್ಚುವ ದೊಡ್ಡ ಕೆಲಸ ಮೈಮೇಲೆ ಬರುತ್ತದೆ.

ಇನ್ನೊಂದು ಬಗೆ ಲೋಹದ ಲೇಸಿಂಗ್. ಎರಡೂ ತುದಿಗಳಿಗೆ ಉಕ್ಕಿನ ಕುಣಿಕೆಗಳ ಸಾಲನ್ನು ಕೂರಿಸಿ, ಕುಣಿಕೆಗಳನ್ನು ಒಂದರೊಳಗೊಂದು ಹೊಂದಿಸಿ, ನಡುವೆ ಪಿನ್ನು ತೂರಿಸಿದರೆ ಬಾಗಿಲ ಕೀಲಿನಂತೆ ಬಾಗುವ ಸಂಧಿ ಸಿದ್ಧವಾಗುತ್ತದೆ. ಬೆಲ್ಟನ್ನು ಮೇಲಿನಿಂದಲೂ ಕೆಳಗಿನಿಂದಲೂ ಕಚ್ಚುವ ತಗಡುಗಳನ್ನು ರಿವೆಟ್ ಅಥವಾ ಸ್ಟೇಪಲ್ ಬಡಿದು ಕೂರಿಸುವ ಅಲಿಗೇಟರ್ ಮಾದರಿ, ತಂತಿಯ ಕೊಕ್ಕೆಗಳನ್ನು ಒತ್ತುಯಂತ್ರದಿಂದ ಬೆಲ್ಟಿನೊಳಗೆ ನಾಟುವ ಕ್ಲಿಪರ್ ಮಾದರಿ, ಜರ್ಮನಿಯ ಮ್ಯಾಟೊ ಮಾದರಿ ಇವು ಹೆಸರಾದವು. ಕರ್ನಾಟಕದ ಹಿಟ್ಟಿನ ಗಿರಣಿಗಳಲ್ಲಿ ಚಪ್ಪಟೆ ಬೆಲ್ಟನ್ನು ಕೂಡಿಸಲು ಹಾಕುವ ಕ್ಲಿಪ್ಪುಗಳೂ ಇದೇ ಕುಟುಂಬಕ್ಕೆ ಸೇರಿದವು.

ಲೇಸಿಂಗಿನ ಅಳತೆಯನ್ನು ಎರಡು ಸಂಗತಿ ನಿರ್ಧರಿಸುತ್ತವೆ: ಬೆಲ್ಟಿನ ದಪ್ಪ ಮತ್ತು ಬೆಲ್ಟ್ ಬಳಸಿ ಹೋಗುವ ಅತಿ ಸಣ್ಣ ರೋಲರಿನ ವ್ಯಾಸ. ದಪ್ಪಕ್ಕೆ ಹೊಂದದ ಲೇಸಿಂಗಿನ ರಿವೆಟ್ ಬಟ್ಟೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಅಗತ್ಯಕ್ಕಿಂತ ದೊಡ್ಡದಾದ ಲೇಸಿಂಗು ಸಣ್ಣ ರೋಲರಿನ ಮೇಲೆ ಬಾಗಲಾರದೆ ಪ್ರತಿ ಸುತ್ತಿಗೂ ಬೆಲ್ಟಿನ ತುದಿಯನ್ನು ಮೀಟುತ್ತದೆ.

ಪಿನ್ನು ಇಡೀ ಸಂಧಿಯಲ್ಲಿ ಅಗ್ಗದ ವಸ್ತು. ನೈಲಾನ್ ಹೊದಿಸಿದ ಉಕ್ಕಿನ ಕೇಬಲ್ ಪಿನ್ನು ಹೆಚ್ಚು ಬಳಕೆಯಲ್ಲಿದೆ. ಬೆಲ್ಟ್ ಪ್ರತಿ ರೋಲರಿನ ಮೇಲೆ ಬಾಗುವಾಗಲೂ ಕುಣಿಕೆ ಈ ಪಿನ್ನಿನ ಮೇಲೆ ಉಜ್ಜುತ್ತದೆ. ಮೊದಲು ನೈಲಾನ್ ಸವೆದು, ಆಮೇಲೆ ಕೇಬಲಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೈಗೆ ಸಿಕ್ಕ ಮೊಳೆಯನ್ನೋ ಗಟ್ಟಿ ಕಂಬಿಯನ್ನೋ ಪಿನ್ನಿನ ಜಾಗಕ್ಕೆ ತೂರಿಸಿದರೆ ಸವೆತದ ಪಾಳಿ ಕುಣಿಕೆಗಳದಾಗುತ್ತದೆ. ಪಿನ್ನು ಬದಲಿಸಿ ಮುಗಿಯಬೇಕಾದ ಕೆಲಸ ಲೇಸಿಂಗನ್ನೇ ಬದಲಿಸುವವರೆಗೆ ಹೋಗುತ್ತದೆ. ಆದ್ದರಿಂದ ಸುಗ್ಗಿ ಆರಂಭವಾಗುವ ಮುನ್ನ ಎಲ್ಲ ಪಿನ್ನುಗಳನ್ನೂ ಒಮ್ಮೆಗೇ ಬದಲಿಸುವುದು ಒಳ್ಳೆಯ ರೂಢಿ.

ಹಾನಿಯ ಲಕ್ಷಣಗಳು ಮತ್ತು ಕಾರಣಗಳು

ಬೆಲ್ಟಿನ ಮೇಲೆ ಕಾಣುವ ಪ್ರತಿಯೊಂದು ಗುರುತೂ ಯಂತ್ರದ ಇನ್ನಾವುದೋ ಭಾಗದ ಸುದ್ದಿ ಹೇಳುತ್ತದೆ.

ಅಂಚು ಸವೆದು ನೂಲು ಹೊರಬರುವುದು: ಬೆಲ್ಟ್ ತನ್ನ ಸಾಲು ಬಿಟ್ಟು ಪಕ್ಕದ ಬೆಲ್ಟಿಗೋ ದಾರಿ ತೋರುವ ಕಂಬಿಗೋ ಉಜ್ಜುತ್ತಿದೆ ಎಂದರ್ಥ. ಕಂಬಿ ಬಾಗಿರಬಹುದು, ರೋಲರಿನ ಒಂದು ಕಡೆಯ ಬೇರಿಂಗ್ ಸಡಿಲವಾಗಿರಬಹುದು, ರೋಲರಿನ ಮೇಲೆ ಹುಲ್ಲಿನ ಅಂಟು ಒಂದೇ ಬದಿಗೆ ಗಟ್ಟಿಕಟ್ಟಿರಬಹುದು. ಅಂಟು ಕಟ್ಟಿದ ಜಾಗದಲ್ಲಿ ರೋಲರಿನ ವ್ಯಾಸ ಹೆಚ್ಚಾಗಿ ಬೆಲ್ಟ್ ಆ ಕಡೆಗೆ ಹತ್ತುತ್ತದೆ.

ಬೆಲ್ಟ್ ಮಗುಚಿಕೊಳ್ಳುವುದು ಅಥವಾ ಒಂದರ ಮೇಲೊಂದು ಹತ್ತುವುದು: ಹೆಚ್ಚಿನ ಸಲ ಇದಕ್ಕೆ ಕಾರಣ ಹುಲ್ಲು ಒಳಗೆ ಹೋಗುತ್ತಿರುವ ರೀತಿ. ಕಿರಿದಾದ ಹುಲ್ಲಿನ ಸಾಲಿನ ಮೇಲೆ ನೆಟ್ಟಗೆ ಓಡಿಸಿದರೆ ಸುರುಳಿಯ ನಡು ದಪ್ಪವಾಗಿ ಎರಡೂ ತುದಿ ಸಣಕಲಾಗುತ್ತದೆ. ಆಗ ನಡುವಿನ ಬೆಲ್ಟುಗಳ ಮೇಲೆ ಎಳೆತವೆಲ್ಲ ಬಿದ್ದು, ಅಂಚಿನ ಬೆಲ್ಟುಗಳು ಜೋತಾಡುತ್ತವೆ. ಸಾಲಿನ ಎಡಗಡೆ ಸ್ವಲ್ಪ ದೂರ, ಬಲಗಡೆ ಸ್ವಲ್ಪ ದೂರ ಓಡಿಸುತ್ತಾ, ಒಂದು ಬದಿಯಿಂದ ಇನ್ನೊಂದಕ್ಕೆ ಚುರುಕಾಗಿ ದಾಟಿದರೆ ಎರಡೂ ಬದಿ ಸಮನಾಗಿ ತುಂಬುತ್ತದೆ. ಹಾವಿನಂತೆ ಬಿಡದೆ ಅಂಕುಡೊಂಕಾಗಿ ಓಡಿಸಿದರೆ ಪ್ರಯೋಜನವಿಲ್ಲ. ಆಗಲೂ ಹೆಚ್ಚು ಹುಲ್ಲು ನಡುವಿಗೇ ಬೀಳುತ್ತದೆ. ಹುಲ್ಲಿನ ಸಾಲನ್ನೇ ಯಂತ್ರದ ಬಾಯಿಯಷ್ಟು ಅಗಲಕ್ಕೆ ಎಳೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಮೇಲು.

ಬೆಲ್ಟ್ ಜಾರುವುದು: ಬಿಗಿತದ ಹೈಡ್ರಾಲಿಕ್ ಒತ್ತಡ ಕಡಿಮೆಯಾಗಿದ್ದರೆ, ಚಾಲಕ ರೋಲರಿನ ಮೇಲಿನ ರಬ್ಬರ್ ಹೊದಿಕೆ ಸವೆದಿದ್ದರೆ ಅಥವಾ ಹುಲ್ಲು ಹಸಿಯಾಗಿದ್ದು ರಸ ಅಂಟಿದ್ದರೆ ಹೀಗಾಗುತ್ತದೆ. ಒಳ ಮೈ ಬಿಸಿಯಾಗಿ ಹೊಳಪು ಬಂದ ಬೆಲ್ಟ್ ಜಾರಿದ್ದಕ್ಕೆ ಸಾಕ್ಷಿ. ಹೊರ ಮೈಯ ಒರಟು ಸವೆದು ನುಣುಪಾದಾಗ ತೊಂದರೆಯೇ ಬೇರೆ: ಬೆಲ್ಟ್ ಓಡುತ್ತದೆ, ಒಳಗಿನ ಹುಲ್ಲು ತಿರುಗುವುದಿಲ್ಲ. ತೀರ ಒಣಗಿದ ಗಿಡ್ಡ ಹುಲ್ಲಿನಲ್ಲಿ ಇದು ಬೇಗ ಗೊತ್ತಾಗುತ್ತದೆ.

ಒಂದೇ ಜಾಗದ ಬೆಲ್ಟ್ ಪದೇ ಪದೇ ಹರಿಯುವುದು: ತಪ್ಪು ಬೆಲ್ಟಿನದಲ್ಲ, ಆ ಜಾಗದ್ದು. ಕೆರೆಯುವ ಪಟ್ಟಿಯ ಚೂಪಾದ ಅಂಚು, ಬಿರುಕುಬಿಟ್ಟ ರೋಲರ್, ಒಳಗೆ ಚಾಚಿಕೊಂಡ ಬೋಲ್ಟು, ರೋಲರಿನ ತುದಿಗೆ ಸುತ್ತಿ ಗಟ್ಟಿಯಾದ ಬಲೆಯ ಉಂಡೆ ಇವುಗಳಲ್ಲಿ ಒಂದು ಅಲ್ಲಿ ಇದ್ದೇ ಇರುತ್ತದೆ. ಹೊಸ ಬೆಲ್ಟ್ ಹಾಕುವ ಮುನ್ನ ಅದನ್ನು ಕಂಡುಹಿಡಿಯಬೇಕು.

ಮೆಕ್ಕೆಜೋಳದ ದಂಟಿನಂಥ ಗಟ್ಟಿ ಮೇವು, ಹೊಲದಲ್ಲಿ ಬಿದ್ದ ಮುಳ್ಳುತಂತಿ, ಕಲ್ಲು, ಮರದ ಕೊಂಬೆ ಬೆಲ್ಟಿಗೆ ನೇರ ಪೆಟ್ಟು ಕೊಡುತ್ತವೆ. ಹುಲ್ಲನ್ನು ಎತ್ತುವ ಪಿಕಪ್ಪಿನ ಹಲ್ಲುಗಳನ್ನು ನೆಲಕ್ಕೆ ತಾಗದಷ್ಟು ಎತ್ತರದಲ್ಲಿ ಇಟ್ಟರೆ ಕಲ್ಲೂ ಮಣ್ಣೂ ಒಳಗೆ ಬರುವುದು ಕಡಿಮೆಯಾಗುತ್ತದೆ.

ದುರಸ್ತಿಗೆ ಮೊದಲು

ಬೇಲರ್ ಅಪಾಯಕಾರಿ ಯಂತ್ರ. ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಕೆಲವು ಯಂತ್ರಗಳಲ್ಲಿ ನಿಮಿಷಕ್ಕೆ 1,000 ಸುತ್ತು. ಪಿಕಪ್ಪಿನಲ್ಲಿ ಸಿಕ್ಕಿಕೊಂಡ ಹುಲ್ಲನ್ನು ಯಂತ್ರ ಓಡುತ್ತಿರುವಾಗಲೇ ಕೈಯಿಂದ ಎಳೆಯಲು ಅಥವಾ ಕಾಲಿನಿಂದ ತಳ್ಳಲು ಹೋಗಿ ಕೈಕಾಲು, ಜೀವ ಕಳೆದುಕೊಂಡ ರೈತರಿದ್ದಾರೆ. ಕೈಯಲ್ಲಿ ಹಿಡಿದ ಹುಲ್ಲನ್ನು ಬಿಡಬೇಕೆಂದು ಮನಸ್ಸಿಗೆ ತೋಚುವಷ್ಟರಲ್ಲಿ ಯಂತ್ರ ಕೈಯನ್ನೂ ಎಳೆದುಕೊಂಡಿರುತ್ತದೆ.

ಹಾಗಾಗಿ ಬೆಲ್ಟಿನ ಯಾವ ಕೆಲಸಕ್ಕೂ ಮುನ್ನ ಪಿಟಿಒ ಬಿಡಿಸಬೇಕು, ಎಂಜಿನ್ ಬಂದ್ ಮಾಡಬೇಕು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು, ಎಲ್ಲ ಭಾಗಗಳೂ ನಿಲ್ಲುವವರೆಗೆ ಕಾಯಬೇಕು. ಎತ್ತಿದ ಹಿಂಬಾಗಿಲ ಕೆಳಗೆ ಹೋಗುವುದಾದರೆ ಸಿಲಿಂಡರಿನ ಬೀಗವನ್ನು ಹಾಕಿರಲೇಬೇಕು. ಹೈಡ್ರಾಲಿಕ್ ಕೊಳವೆ ಒಡೆದರೆ ಆ ಬಾಗಿಲು ಒಮ್ಮೆಗೇ ಕುಸಿಯುತ್ತದೆ. ಬಿಗಿತದ ತೋಳಿನಲ್ಲಿ ಯಂತ್ರ ನಿಂತ ಮೇಲೂ ಎಳೆತ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಅದನ್ನು ಇಳಿಸದೆ ಪಿನ್ನನ್ನು ಹೊರಗೆಳೆದರೆ ಬೆಲ್ಟಿನ ತುದಿ ಮುಖಕ್ಕೆ ಬಡಿಯಬಹುದು, ತೋಳು ತಟ್ಟನೆ ಜರುಗಬಹುದು. ಹೈಡ್ರಾಲಿಕ್ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬಾರದು. ರಟ್ಟಿನ ಚೂರು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ.

ಸಂಧಿ ಹಾಕುವ ಕ್ರಮ

ಲೇಸಿಂಗ್ ಕಿತ್ತುಬಂದ ಬೆಲ್ಟಿಗೆ ಹೊಸ ಸಂಧಿ ಹಾಕುವುದು ಹೊಲದ ಬದಿಯಲ್ಲಿಯೇ ಆಗುವ ಕೆಲಸ. ಬೇಕಾದ ಸಲಕರಣೆಗಳು ಕೆಲವೇ: ಅಳತೆಪಟ್ಟಿ, ಮೂಲೆಮಟ್ಟ, ಹರಿತವಾದ ಚಾಕು, ಗಟ್ಟಿ ಹಲಗೆ, ಸುತ್ತಿಗೆ, ಲೇಸಿಂಗಿಗೆ ಹೊಂದುವ ಹಿಡಿಕೆಯ ಸಾಧನ.

ಈ ಕೆಲಸದ ಜೀವಾಳ ತುದಿಯನ್ನು ಬೆಲ್ಟಿಗೆ ನೇರ ಲಂಬವಾಗಿ ಕತ್ತರಿಸುವುದು. ಮೂಲೆಮಟ್ಟವನ್ನು ಬೆಲ್ಟಿನ ಅಂಚಿಗೆ ಒತ್ತಿ ಗೆರೆ ಎಳೆಯುವುದು ಸಲೀಸು, ಆದರೆ ನಂಬಲರ್ಹವಲ್ಲ. ಹಳೆಯ ಬೆಲ್ಟಿನ ಅಂಚು ಸವೆದು ಡೊಂಕಾಗಿರುತ್ತದೆ. ತುದಿಯಿಂದ ಒಂದು ಮೀಟರಿನಷ್ಟು ದೂರದವರೆಗೆ ನಾಲ್ಕೈದು ಕಡೆ ಅಗಲವನ್ನು ಅಳೆದು, ನಡುವಿಗೆ ಚುಕ್ಕೆ ಇಟ್ಟು, ಆ ಚುಕ್ಕೆಗಳನ್ನು ಕೂಡಿಸಿ ನಡುಗೆರೆ ಎಳೆಯಬೇಕು. ಮೂಲೆಮಟ್ಟವನ್ನು ಈ ನಡುಗೆರೆಗೆ ಇಟ್ಟು ಅಡ್ಡಗೆರೆ ಎಳೆಯಬೇಕು. ಅಡ್ಡಗೆರೆಯ ಮೇಲೆ ನಡುಗೆರೆಯಿಂದ ಎರಡೂ ಬದಿಗೆ ಸಮ ದೂರದಲ್ಲಿ ಒಂದೊಂದು ಗುರುತು ಹಾಕಿ, ನಡುಗೆರೆಯ ಮೇಲೆ ದೂರದ ಒಂದು ಚುಕ್ಕೆಯಿಂದ ಆ ಎರಡು ಗುರುತುಗಳವರೆಗೆ ಅಳೆದು ನೋಡಬೇಕು. ಎರಡೂ ಅಳತೆ ಸಮ ಬಂದರೆ ಗೆರೆ ಸರಿ. ಬಾರದಿದ್ದರೆ ಚಾಕು ಹಾಕುವ ಮುನ್ನ ಗೆರೆ ತಿದ್ದಬೇಕು. ಓರೆಯಾಗಿ ಕತ್ತರಿಸಿದ ಬೆಲ್ಟಿನ ಒಂದು ಅಂಚು ಇನ್ನೊಂದಕ್ಕಿಂತ ಉದ್ದವಾಗಿ, ಸಂಧಿ ರೋಲರಿನ ಮೇಲೆ ಹಾದಾಗಲೆಲ್ಲ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ. ಇಂಥ ಬೆಲ್ಟನ್ನು ಯಾವ ಕಂಬಿಯೂ ಸಾಲಿನಲ್ಲಿ ಹಿಡಿದಿಡಲಾರದು.

ಕತ್ತರಿಸಿದ ಮೇಲೆ ತುದಿಯ ಒರಟು ರಬ್ಬರನ್ನು ಲೇಸಿಂಗ್ ಕೂರುವಷ್ಟು ಅಗಲಕ್ಕೆ ಹೆರೆದು ತೆಗೆಯಬೇಕು. ತಗಡು ತಗ್ಗಿನಲ್ಲಿ ಕೂತರೆ ಕೆರೆಯುವ ಪಟ್ಟಿಗೂ ರೋಲರಿಗೂ ಬಡಿಯುವುದಿಲ್ಲ. ಹೆರೆಯುವಾಗ ಚಾಕು ಬಟ್ಟೆಗೆ ತಾಗಕೂಡದು. ಲೇಸಿಂಗಿನ ಉದ್ದ ಬೆಲ್ಟಿನ ಅಗಲಕ್ಕಿಂತ ತುಸು ಕಡಿಮೆಯಿರಬೇಕು. ಅಂಚಿನಾಚೆ ಚಾಚಿದ ತಗಡು ಪಕ್ಕದ ಬೆಲ್ಟನ್ನು ಕೊಯ್ಯುತ್ತದೆ. ಬೆಲ್ಟ್ ಓಡುವ ದಿಕ್ಕಿಗೆ ಹಿಂಬದಿಯಾಗುವ ತುದಿಯ ಎರಡೂ ಮೂಲೆಗಳನ್ನು ಸಣ್ಣದಾಗಿ ಓರೆ ಕತ್ತರಿಸಿದರೆ ಅವು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಬೆಲ್ಟಿನ ತುದಿಯನ್ನು ಲೇಸಿಂಗಿನ ಬಾಯಿಯೊಳಗೆ ತಳಮುಟ್ಟ ತೂರಿಸಿ, ಎರಡೂ ಅಂಚಿನಲ್ಲಿ ಸಮ ಜಾಗ ಬಿಟ್ಟು, ಮೊದಲು ಎರಡು ತುದಿಯ ರಿವೆಟ್ಟುಗಳನ್ನು ಬಡಿದು ಭದ್ರ ಮಾಡಿಕೊಂಡರೆ ಉಳಿದವನ್ನು ಬಡಿಯುವಾಗ ಬೆಲ್ಟ್ ಜರುಗುವುದಿಲ್ಲ. ಎಲ್ಲ ಮುಗಿದ ಮೇಲೆ ಬೆಲ್ಟನ್ನು ಮಗುಚಿ, ಪ್ರತಿ ರಿವೆಟ್ಟಿನ ಬಾಲವೂ ಮಡಚಿ ತಗಡಿಗೆ ಅಂಟಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಕೊನೆಗೆ ಪಿನ್ನು ತೂರಿಸಿ, ಅದು ಜಾರಿ ಹೊರಬಾರದಂತೆ ತುದಿಗಳನ್ನು ಭದ್ರಪಡಿಸಬೇಕು.

ಉದ್ದದ ಲೆಕ್ಕ

ಹಳೆಯ ಲೇಸಿಂಗ್ ಕತ್ತರಿಸಿ ಹೊಸದು ಹಾಕಿದಾಗಲೆಲ್ಲ ಬೆಲ್ಟ್ ಒಂದಿಷ್ಟು ಗಿಡ್ಡವಾಗುತ್ತದೆ. ತಂಡದ ಬೆಲ್ಟುಗಳ ನಡುವೆ ಎಷ್ಟು ವ್ಯತ್ಯಾಸವಿರಬಹುದೆಂದು ಪ್ರತಿ ಯಂತ್ರದ ಕೈಪಿಡಿ ಹೇಳುತ್ತದೆ. ಅದು ಕೆಲವೇ ಸೆಂಟಿಮೀಟರಿನ ಮಾತು. ಆ ಮಿತಿ ದಾಟಿದರೆ ದಾರಿ ಎರಡು.

ಮೊದಲನೆಯದು, ಅದೇ ಜಾತಿಯ, ಅಷ್ಟೇ ಸವೆದ ಬೆಲ್ಟಿನ ತುಂಡನ್ನು ಎರಡು ಸಂಧಿ ಹಾಕಿ ನಡುವೆ ಸೇರಿಸುವುದು. ಹೊಸ ಬೆಲ್ಟಿನ ತುಂಡು ಹಳೆಯದಕ್ಕಿಂತ ದಪ್ಪವಾಗಿದ್ದು ಸಂಧಿಯಲ್ಲಿ ಮೆಟ್ಟಿಲಾಗುತ್ತದೆ. ಹಾಗಾಗಿ ಬದಲಿಸಿ ತೆಗೆದ ಹಳೆಯ ಬೆಲ್ಟುಗಳ ಒಳ್ಳೆಯ ಭಾಗಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಜಾಣತನ. ತೀರ ಗಿಡ್ಡ ತುಂಡು ಬೇಡ. ಎರಡು ಲೇಸಿಂಗುಗಳು ಒತ್ತಟ್ಟಿಗೆ ಬಂದರೆ ಆ ಭಾಗ ರೋಲರಿನ ಮೇಲೆ ಸರಾಗವಾಗಿ ಬಾಗುವುದಿಲ್ಲ.

ಎರಡನೆಯದು, ಉಳಿದ ಎಲ್ಲ ಬೆಲ್ಟುಗಳನ್ನೂ ಅಷ್ಟೇ ಗಿಡ್ಡ ಮಾಡುವುದು. ಲೇಸಿಂಗುಗಳೆಲ್ಲ ಒಟ್ಟಿಗೇ ಹಳತಾಗಿದ್ದರೆ ಇದು ಸರಿಯಾದ ಕ್ರಮ. ಆದರೆ ಇದರಿಂದ ಸುರುಳಿಯ ಗರಿಷ್ಠ ವ್ಯಾಸ ಇಳಿಯುತ್ತದೆ. ವ್ಯಾಸ ಒಂದು ಸೆಂ.ಮೀ. ಹೆಚ್ಚಿದರೆ ಸುತ್ತಳತೆ ಮೂರು ಸೆಂ.ಮೀ.ಗಿಂತ ತುಸು ಹೆಚ್ಚು ಬೆಳೆಯುವುದರಿಂದ, ಬೆಲ್ಟುಗಳಿಂದ 15 ಸೆಂ.ಮೀ. ತೆಗೆದರೆ ಸುಮಾರು 5 ಸೆಂ.ಮೀ. ವ್ಯಾಸ ಹೋಯಿತೆಂದು ಅಂದಾಜಿಸಬಹುದು. ಬೆಲ್ಟ್ ಗಿಡ್ಡ ಮಾಡಿದ ಮೇಲೂ ಹಳೆಯ ಗಾತ್ರವನ್ನೇ ಇಟ್ಟು ಓಡಿಸಿದರೆ ತೋಳು ಕೊನೆಗೆ ಹೋಗಿ ತಾಗಿ, ಬಿಟ್ಟುಕೊಡಲು ಬೆಲ್ಟ್ ಉಳಿಯದೆ, ಹೊರೆಯೆಲ್ಲ ಲೇಸಿಂಗು ಮತ್ತು ರೋಲರಿನ ಬೇರಿಂಗುಗಳ ಮೇಲೆ ಬೀಳುತ್ತದೆ. ಗಾತ್ರದ ಹೊಂದಿಕೆಯನ್ನು ಅದಕ್ಕೆ ತಕ್ಕಂತೆ ಇಳಿಸಲೇಬೇಕು.

ಪೂರ್ಣ ಬದಲಾವಣೆ

ಲೇಸಿಂಗಿನ ಬೆಲ್ಟನ್ನು ಬದಲಿಸಲು ರೋಲರು ಬಿಚ್ಚುವ ಅಗತ್ಯವಿಲ್ಲ. ಹಳೆಯ ಬೆಲ್ಟಿನ ಪಿನ್ನು ತೆಗೆದು, ಅದರ ಒಂದು ತುದಿಗೆ ಹೊಸ ಬೆಲ್ಟಿನ ತುದಿಯನ್ನು ಕೂಡಿಸಿ, ಎಂಜಿನ್ ಬಂದ್ ಇರುವಾಗಲೇ ಹಳೆಯದರ ಇನ್ನೊಂದು ತುದಿಯನ್ನು ಕೈಯಿಂದ ಎಳೆದರೆ ಹೊಸದು ಅದೇ ದಾರಿ ಹಿಡಿದು ಒಳಗೆ ಬರುತ್ತದೆ. ಬೆಲ್ಟ್ ಹರಿದು ಹೊರಬಿದ್ದಿದ್ದರೆ ಕೈಪಿಡಿಯಲ್ಲಿರುವ ಬೆಲ್ಟಿನ ದಾರಿಯ ಚಿತ್ರವನ್ನು ನೋಡಿ, ಅಥವಾ ಪಕ್ಕದ ಬೆಲ್ಟನ್ನೇ ಬೆರಳಿಂದ ಹಿಂಬಾಲಿಸಿ ತೂರಿಸಬೇಕು. ಒರಟು ಮೈ ಹುಲ್ಲಿನ ಕಡೆಗಿರಬೇಕು. ಬಾಣದ ವಿನ್ಯಾಸದ ಬೆಲ್ಟಾದರೆ ಬಾಣದ ದಿಕ್ಕು ಎಲ್ಲದರಲ್ಲೂ ಒಂದೇ ಇರಬೇಕು.

ಹಳೆಯ ತಂಡದ ನಡುವೆ ಒಂದೇ ಒಂದು ಹೊಸ ಬೆಲ್ಟ್ ಹಾಕುವುದು ಅನಿವಾರ್ಯವಾದಾಗ ಎರಡು ಎಚ್ಚರಿಕೆ ಬೇಕು. ಹಳೆಯವು ಬಳಕೆಯಿಂದ ಹಿಗ್ಗಿರುತ್ತವೆ, ಆದ್ದರಿಂದ ಪುಸ್ತಕದ ಅಳತೆಯ ಹೊಸ ಬೆಲ್ಟ್ ಗಿಡ್ಡವಾಗಬಹುದು. ದುರಸ್ತಿಯಾಗಿ ಗಿಡ್ಡವಾದ ತಂಡದಲ್ಲಿ ಅದೇ ಬೆಲ್ಟ್ ಉದ್ದವಾಗಬಹುದು. ಪಕ್ಕದ ಬೆಲ್ಟುಗಳನ್ನು ಅಳೆದು ಹೊಂದಿಸುವುದೇ ಸರಿಯಾದ ದಾರಿ. ಬೆಲ್ಟಿನ ಆಯುಸ್ಸನ್ನು ವರ್ಷಗಳಿಗಿಂತ ಕಟ್ಟಿದ ಸುರುಳಿಗಳ ಲೆಕ್ಕದಲ್ಲಿ ಅಳೆಯುವುದು ಹೆಚ್ಚು ಅರ್ಥಪೂರ್ಣ. ಅರ್ಧಕ್ಕಿಂತ ಹೆಚ್ಚು ಬೆಲ್ಟುಗಳ ಒರಟು ಸವೆದಿದ್ದರೆ ಇಡೀ ತಂಡವನ್ನು ಬದಲಿಸುವುದು ಕಡೆಗೆ ಲಾಭಕರ.

ನಿರ್ವಹಣೆ

ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆ ಯಂತ್ರ ಹೂಡುವ ಮುನ್ನ ಒಂದು ಸುತ್ತು ನೋಡುವುದು ಅಭ್ಯಾಸವಾಗಬೇಕು: ಪಿನ್ನುಗಳ ತುದಿ, ಎದ್ದುನಿಂತ ರಿವೆಟ್ಟು, ಅಂಚಿನಲ್ಲಿ ಜೋತ ನೂಲು. ಜೋತ ನೂಲನ್ನು ಎಳೆದು ಕೀಳಬಾರದು; ಬುಡಕ್ಕೆ ಚಾಕು ಹಾಕಿ ಕತ್ತರಿಸಬೇಕು. ಎಳೆದರೆ ನೇಯ್ಗೆಯೇ ಬಿಚ್ಚಿಕೊಳ್ಳುತ್ತದೆ. ರೋಲರಿನ ತುದಿಗಳಿಗೆ ಸುತ್ತಿಕೊಂಡ ಹುರಿ, ಬಲೆ, ಹುಲ್ಲನ್ನು ದಿನವೂ ತೆಗೆಯಬೇಕು. ಅದು ಬೇರಿಂಗಿನ ಮುಚ್ಚಳದೊಳಗೆ ನುಗ್ಗಿ ಗ್ರೀಸು ಹೊರಬರುವಂತೆ ಮಾಡುತ್ತದೆ. ಒಣಗಿದ ಬೇರಿಂಗ್ ಕಾದು ಕೆಂಪಾಗುತ್ತದೆ. ಸುತ್ತಲೂ ಒಣಹುಲ್ಲಿನ ಪುಡಿ ತುಂಬಿರುವ ಯಂತ್ರದಲ್ಲಿ ಬೆಂಕಿ ಹೊತ್ತಲು ಅಷ್ಟು ಸಾಕು. ಬೇಲರಿಗೆ ಬೆಂಕಿ ಹತ್ತಿದರೆ ಬೆಲ್ಟ್ ಮಾತ್ರವಲ್ಲ, ಯಂತ್ರವೂ ಟ್ರ್ಯಾಕ್ಟರೂ ಹೊಲವೂ ಸುಡಬಹುದು. ಬೆಂಕಿ ಆರಿಸುವ ಸಿಲಿಂಡರನ್ನು ಟ್ರ್ಯಾಕ್ಟರಿನಲ್ಲಿ ಇಟ್ಟುಕೊಂಡಿರಲೇಬೇಕು.

ಹುಲ್ಲಿನ ತೇವವೂ ಬೆಲ್ಟಿನ ಆಯುಸ್ಸನ್ನು ನಿರ್ಧರಿಸುತ್ತದೆ. ದೊಡ್ಡ ಸುರುಳಿಗೆ ತೇವಾಂಶ ಶೇ. 18ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಹಸಿಯಾದರೆ ಸುರುಳಿ ಒಳಗೊಳಗೇ ಕಾವೇರಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ತಾನಾಗಿ ಹೊತ್ತಿಕೊಳ್ಳುತ್ತದೆ. ಯಂತ್ರದೊಳಗೂ ಹಸಿ ಹುಲ್ಲಿನ ರಸ ರೋಲರುಗಳ ಮೇಲೆ ಅಂಟುಕಟ್ಟಿ ಬೆಲ್ಟನ್ನು ಸಾಲು ತಪ್ಪಿಸುತ್ತದೆ. ಕುದುರೆಮೆಂತೆಯಂಥ ಎಲೆ ಹೆಚ್ಚಿರುವ ಮೇವಿನಲ್ಲಿ ಇದು ಇನ್ನೂ ಹೆಚ್ಚು. ಕೆರೆಯುವ ಪಟ್ಟಿಗಳನ್ನು ರೋಲರಿಗೆ ಸರಿಯಾದ ಅಂತರದಲ್ಲಿ ಹೊಂದಿಸಿಟ್ಟರೆ ಅಂಟು ನಿಲ್ಲುವುದಿಲ್ಲ.

ಬೆಲ್ಟಿಗೆ ಎಣ್ಣೆ, ಗ್ರೀಸು, ಡೀಸೆಲ್ ತಾಗಿಸಬಾರದು. ರಬ್ಬರು ಉಬ್ಬಿ ಪದರ ಬಿಡುತ್ತದೆ. ಸುಗ್ಗಿ ಮುಗಿದ ಮೇಲೆ ಒಳಗಿನ ಹುಲ್ಲನ್ನೆಲ್ಲ ಊದಿ ತೆಗೆದು, ಕೈಪಿಡಿ ಹೇಳಿದಂತೆ ಬಿಗಿತವನ್ನು ಇಳಿಸಿ, ಯಂತ್ರವನ್ನು ನೆರಳಿನಲ್ಲಿ ನಿಲ್ಲಿಸಬೇಕು. ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಒಳಗೆ ಉಳಿದ ಹುಲ್ಲು ತೇವ ಹಿಡಿದು ಲೇಸಿಂಗಿಗೆ ತುಕ್ಕು ತರಿಸುತ್ತದೆ, ಇಲಿಗಳಿಗೆ ಗೂಡಾಗುತ್ತದೆ. ಬೆಲ್ಟುಗಳನ್ನು ಅಳೆದು ಉದ್ದಗಳನ್ನು ಬರೆದಿಟ್ಟುಕೊಳ್ಳಲು, ಲೇಸಿಂಗ್ ಬದಲಿಸಲು ತಕ್ಕ ಕಾಲವೂ ಇದೇ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ರೌಂಡ್ ಬೇಲರ್ ಕಾಣಸಿಗುವುದು ಮುಖ್ಯವಾಗಿ ಭತ್ತದ ಸೀಮೆಯಲ್ಲಿ. ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆ ಕಂಬೈನ್ ಹಾರ್ವೆಸ್ಟರ್ ಕೊಯ್ದು ಬಿಟ್ಟುಹೋದ ಹುಲ್ಲನ್ನು ಬಾಡಿಗೆ ಬೇಲರುಗಳು ಸುರುಳಿ ಕಟ್ಟುತ್ತವೆ. ಇವು ಸಣ್ಣ ಯಂತ್ರಗಳು. ಸುರುಳಿ ಸುಮಾರು ಎರಡಡಿ ವ್ಯಾಸ, ಮೂರಡಿ ಉದ್ದವಿದ್ದು, 1947ರ ರೋಟೊ-ಬೇಲರ್ ಕಟ್ಟುತ್ತಿದ್ದ ಗಾತ್ರಕ್ಕೆ ಹತ್ತಿರದ್ದು. ಒಬ್ಬ ಆಳು ಹೊತ್ತು ಲಾರಿಗೆ ಹಾಕಬಹುದು. ಇಂಥ ಯಂತ್ರಗಳಲ್ಲಿ ಹುಲ್ಲು ಸುತ್ತುವ ಅಗಲವಾದ ಬೆಲ್ಟು ವಿರಳ. ಆ ಕೆಲಸ ಉಕ್ಕಿನ ರೋಲರು ಅಥವಾ ಸರಪಳಿಗಳದು. ರೋಲರಿನ ತುದಿಗೆ ಸುತ್ತುವ ಹುರಿ, ಒಣಗುವ ಬೇರಿಂಗು, ಹಸಿ ಹುಲ್ಲಿನ ಅಂಟು, ಪಿಟಿಒ ದಂಡದ ಅಪಾಯ ಮಾತ್ರ ಇಲ್ಲಿಯೂ ಅವೇ.

ಬೆಲ್ಟನ್ನು ಕೂಡಿಸುವ ಕೈಚಳಕ ಇಲ್ಲಿ ಹೊಸದೂ ಅಲ್ಲ. ಹಿಟ್ಟಿನ ಗಿರಣಿ, ಅಕ್ಕಿ ಗಿರಣಿಗಳ ಚಪ್ಪಟೆ ಬೆಲ್ಟುಗಳು, ಸಕ್ಕರೆ ಕಾರ್ಖಾನೆ ಮತ್ತು ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಗಳ ಸಾಗಣೆ ಬೆಲ್ಟುಗಳು ಈ ವಿದ್ಯೆ ಬಲ್ಲ ಕೆಲಸಗಾರರನ್ನು ತಯಾರು ಮಾಡಿವೆ. ದೊಡ್ಡ ಬೇಲರುಗಳು ಬಂದರೆ ಅವನ್ನು ದುರಸ್ತಿ ಮಾಡಬಲ್ಲ ಕೈಗಳು ಇಲ್ಲಿಯೇ ಸಿಗುತ್ತವೆ.

ಮೌಲ್ಯಮಾಪನ

ಬೆಲ್ಟಿನ ಬೇಲರನ್ನು ಚೆನ್ನಾಗಿ ಇಟ್ಟುಕೊಳ್ಳಲು ದುಬಾರಿ ಸಾಧನಗಳು ಬೇಕಿಲ್ಲ. ಸಮ ಉದ್ದ, ನೇರ ಸಂಧಿ, ಸ್ವಚ್ಛ ರೋಲರು, ಎರಡೂ ಬದಿ ಸಮನಾಗಿ ತುಂಬುವ ಹುಲ್ಲು ಈ ನಾಲ್ಕು ಇದ್ದರೆ ಬೆಲ್ಟುಗಳು ಅನೇಕ ಸುಗ್ಗಿಗಳ ಕಾಲ ಬಾಳುತ್ತವೆ. ಹರಿದ ಬೆಲ್ಟಿಗೆ ಲೇಸಿಂಗ್ ಹಾಕಿ ಕಾರಣ ಹುಡುಕದೆ ಹೊರಟವರು ಅದೇ ಜಾಗದಲ್ಲಿ ಮತ್ತೊಮ್ಮೆ ಲೇಸಿಂಗ್ ಹಾಕಬೇಕಾಗುತ್ತದೆ. ಬೆಲ್ಟಿಗೆ ಕೈ ಹಾಕುವ ಮುನ್ನ ಎಂಜಿನ್ ಬಂದ್ ಆಗಿ ಕೀಲಿ ಜೇಬಿನಲ್ಲಿರಬೇಕು ಎಂಬ ನಿಯಮಕ್ಕೆ ಮಾತ್ರ ಯಾವ ಸುಗ್ಗಿಯಲ್ಲೂ, ಎಂಥ ಅವಸರದಲ್ಲೂ ವಿನಾಯಿತಿಯಿಲ್ಲ.